ಅಂಗಿಯ ಲೆಕ್ಕ

ನಮ್ಮ ತಾಳವಾಡಿ ಸೀಮೆಯಿಂದ ದಿಂಬಂ ಘಾಟಿ ಇಳಿದು ಹೋಗುವುದು ಎರಡು. ಒಂದು ತರಕಾರಿ, ಇನ್ನೊಂದು ನಮ್ಮ ಮಕ್ಕಳು. ಎಲೆಕೋಸು, ಬೀಟ್‌ರೂಟು, ಬಾಳೆಗೊನೆ ಲಾರಿ ಹತ್ತುವಾಗ ಇವತ್ತಿನ ರೇಟು ಎಷ್ಟು, ಕಮಿಷನ್ ಎಷ್ಟು, ತೂಕದಲ್ಲಿ ಕಳೆಯೋದು ಎಷ್ಟು ಅಂತ ಊರವರು ಹತ್ತು ಸಲ ಕೇಳುತ್ತಾರೆ. ಮಕ್ಕಳು ಬ್ಯಾಗು ಹಿಡಿದು ತಿರುಪ್ಪೂರಿಗೆ ಹೊರಟಾಗ ಮಾತ್ರ “ಉಷಾರಾಗಿ ಹೋಗ್ಬುಟ್ಟು ಬಾ” ಅಂತ ಹೇಳಿ ಸುಮ್ಮನಾಗುತ್ತಾರೆ. ಅವರ ದುಡಿಮೆಗೆ ರೇಟು ಎಷ್ಟು, ಅದರಲ್ಲಿ ಕಳೆಯೋರು ಯಾರು ಅನ್ನೋ ಮಾತು ಬರುವುದಿಲ್ಲ. ಆ ಲೆಕ್ಕವನ್ನೇ ಇಲ್ಲಿ ವಸಿ ಬಿಡಿಸಿ ಹೇಳಬೇಕು ಅಂತ ನನ್ನ ಆಸೆ.

ನಾನು ಬೇಸಾಯದವನು, ಮಾದಪ್ಪನ ಪದ ಹಾಡುವವನು. ಪದ ಶುರು ಮಾಡೋ ಮುಂಚೆ ಹೆತ್ತ ತಾಯಿ, ಗುರು, ಭೂಮಿತಾಯಿ, ಕೂತು ಕೇಳುವ ಸಭೆ, ಎಲ್ಲರನ್ನೂ ನೆನೆದೇ ಮುಂದಕ್ಕೆ ಹೋಗೋದು ನಮ್ಮ ಪದ್ಧತಿ. ಯಾರ ಋಣದಿಂದ ಈ ಹಾಡು ಬಂತೋ ಅವರ ಹೆಸರು ಹೇಳದೆ ಬಾಯಿ ಬಿಡಬಾರದು. ಮೈಮೇಲೆ ಹಾಕುವ ಅಂಗಿಗೆ ಮಾತ್ರ ನಾವು ಯಾರನ್ನೂ ನೆನೆಯೋದಿಲ್ಲ. ಅಂಗಡಿಯವನಿಗೆ ದುಡ್ಡು ಕೊಟ್ಟೆವು, ಋಣ ತೀರಿತು ಅಂದುಕೊಳ್ಳುತ್ತೇವೆ.

ತಿರುಪ್ಪೂರನ್ನು ನಮ್ಮ ಕಡೆ ಬನಿಯನ್ ಊರು ಅಂತಲೇ ಕರೆಯೋದು. ನಮ್ಮ ದೇಶದಿಂದ ಹೊರದೇಶಕ್ಕೆ ಹೋಗುವ ಬನಿಯನ್, ಟೀ ಶರ್ಟಿನಂಥ ಬಟ್ಟೆಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಆ ಒಂದು ಊರಿನದು. ಕೊಯಮತ್ತೂರು, ಈರೋಡು, ಸೇಲಂ ಕಡೆ ನೇಯ್ಗೆಯ ದೇವಾಂಗದವರ ಮನೆಮಾತು ಇವತ್ತಿಗೂ ಕನ್ನಡ. ಅವರು ಒಂದು ಸಲ ಚೌಡೇಶ್ವರಿ ಹಬ್ಬಕ್ಕೆ ನಮ್ಮ ಮೇಳವನ್ನು ಕರೆಸಿದ್ದರು. ಜೇಡರ ದಾಸಿಮಯ್ಯನ ಒಕ್ಕಲು ನಾವು ಅಂತ ಹೆಮ್ಮೆಯಿಂದ ಹೇಳಿಕೊಂಡರು. ಮಗ್ಗ ಹಾಕಿಕೊಂಡೇ ಶರಣನಾದವನು ದಾಸಿಮಯ್ಯ. ನೂಲಿನ ಕೆಲಸ ನಮ್ಮ ಮಾತಿನಲ್ಲಿ ಯಾವತ್ತೂ ಕೀಳು ಕೆಲಸ ಆಗಿರಲಿಲ್ಲ.

ಹಬ್ಬ ಮುಗಿದ ಮೇಲೆ ಎರಡು ದಿನ ನನ್ನ ತಂಗಿ ಮಗಳ ಮನೆಯಲ್ಲಿದ್ದೆ. ಅವಳು, ಅವಳ ಗಂಡ ಇಬ್ಬರೂ ಬನಿಯನ್ ಕಂಪನಿ ಕೆಲಸದವರು. ಒಂದು ಅಂಗಿ ಎಷ್ಟು ಕೈ ದಾಟಿ ಬರುತ್ತೆ ಅಂತ ಅವಳು ಬೆರಳು ಮಡಚಿ ಎಣಿಸಿದಳು. ಹತ್ತಿ ಬೆಳೆಯೋರು, ಬಿಡಿಸೋರು, ಬೀಜ ಬೇರೆ ಮಾಡೋರು, ನೂಲು ತೆಗೆಯೋ ಮಿಲ್ಲಿನೋರು, ಬಟ್ಟೆ ಹೆಣೆಯೋರು, ಸಾಯಪಟ್ಟರೆಯಲ್ಲಿ ಬಣ್ಣ ಹಾಕೋರು, ಕಟಿಂಗ್ ಮಾಡೋರು, ಹೊಲಿಯೋರು, ದಾರ ಕತ್ತರಿಸೋರು, ಚೆಕಿಂಗ್ ಮಾಡೋರು, ಇಸ್ತ್ರಿ ಹಾಕೋರು, ಪ್ಯಾಕಿಂಗ್ ಮಾಡೋರು. ಹೊಲಿಗೆಯಲ್ಲೂ ಒಬ್ಬರೇ ಪೂರಾ ಅಂಗಿ ಹೊಲಿಯೋದಿಲ್ಲ. ಒಬ್ಬರು ಭುಜ ಕೂಡಿಸಿದರೆ ಇನ್ನೊಬ್ಬರು ತೋಳು ಏರಿಸುತ್ತಾರೆ. ಅವಳು ಆರು ವರ್ಷದಿಂದ ಕುತ್ತಿಗೆ ಪಟ್ಟಿ ಮಾತ್ರ ಹೊಲಿಯುತ್ತಾ ಇದ್ದಾಳೆ. ಇಷ್ಟು ಕೈ ದಾಟಿದ ಅಂಗಿ ಹೊರದೇಶದ ಅಂಗಡಿಯಲ್ಲಿ ನೂರು ರೂಪಾಯಿಗೆ ಹೋಯಿತು ಅಂತ ಇಟ್ಟುಕೊಳ್ಳಿ, ಹೊಲಿದವರ ಕೂಲಿ ಸಾಮಾನ್ಯವಾಗಿ ಅದರಲ್ಲಿ ಮೂರು ರೂಪಾಯಿ ದಾಟುವುದಿಲ್ಲ.

ಅಲ್ಲಿ ಕೂಲಿ ಎಣಿಸೋದು ಶಿಫ್ಟಿನಲ್ಲಿ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದೂವರೆ ಗಂಟ ಒಂದು ಶಿಫ್ಟು, ಊಟದ ಹೊತ್ತು ಕಳೆದರೆ ಎಂಟು ಗಂಟೆ ಕೆಲಸ. ರಾತ್ರಿ ಎಂಟೂವರೆ ಗಂಟ ಕೂತರೆ ಒಂದೂವರೆ ಶಿಫ್ಟು. ಅಂದರೆ ಮೇಲಿನ ಮೂರು ಗಂಟೆಗೆ ನಾಲ್ಕು ಗಂಟೆಯ ಕೂಲಿ ಕೊಟ್ಟ ಹಾಗಾಯಿತು. ಕೇಳಿದವರಿಗೆ ಲಾಭ ಅನ್ನಿಸುತ್ತೆ. ಆದರೆ ಕಾನೂನು ಹೇಳೋದೇ ಬೇರೆ. ವಾರಕ್ಕೆ 48 ಗಂಟೆ ಕೆಲಸ, ಅದರ ಮೇಲಿನ ಪ್ರತಿ ಗಂಟೆಗೂ ಎರಡರಷ್ಟು ಕೂಲಿ. ಮೂರು ಗಂಟೆಗೆ ಆರು ಗಂಟೆಯ ಕೂಲಿ ಬರಬೇಕು. ದಿನಾ ಎರಡು ಗಂಟೆಯ ಕೂಲಿ ಎಲ್ಲಿ ಹೋಯಿತು ಅಂತ ಕೇಳಿದರೆ, ಅದೇ ಅಂಗಿಯ ಅಗ್ಗ.

ನನ್ನ ತಂಗಿ ಮಗಳು ಈ ಲೆಕ್ಕ ಕಲಿತದ್ದು ಸುಮ್ಮನೆ ಅಲ್ಲ. 2008ರಲ್ಲಿ ಹತ್ತನೇ ಕ್ಲಾಸು ಮುಗಿಸಿದಾಗ ಅವಳಿಗೆ ಹದಿನಾರು. ಬೇಸಿಗೆಯಲ್ಲಿ ಒಬ್ಬ ಏಜೆಂಟು ಊರಿಗೆ ಬಂದ. ಮೂರು ವರ್ಷ ನೂಲಿನ ಮಿಲ್ಲಿನಲ್ಲಿ ಇದ್ದರೆ ಸಾಕು, ಹಾಸ್ಟೆಲು, ಊಟ, ದಿನಗೂಲಿ, ಕೊನೆಗೆ ಮದುವೆಗೆ ಅಂತ ಒಟ್ಟಿಗೆ ಗಂಟು ಅಂದ. ಇದಕ್ಕೆ ಸುಮಂಗಲಿ ಸ್ಕೀಮು ಅಂತ ಹೆಸರು. ತಮಿಳುನಾಡಿನ ಪಶ್ಚಿಮದ ಜಿಲ್ಲೆಗಳಲ್ಲಿ ಆಗ ಸಾವಿರಾರು ಹೆಣ್ಣುಮಕ್ಕಳು ಹೀಗೆ ಸೇರಿದರು. ಕೊನೆಯ ಗಂಟು ಮೂವತ್ತರಿಂದ ಐವತ್ತು ಸಾವಿರ ಅಂತ ಹೇಳುತ್ತಿದ್ದರು. ಮಂಗಳದ ಹೆಸರು ಕೇಳಿ, ಮಳೆ ಹೋದ ವರ್ಷ ಕೈ ಬರಿದಾಗಿದ್ದ ಅಪ್ಪ ಅಮ್ಮ ಹೂಂ ಅಂದರು.

ಮಿಲ್ಲಿನೊಳಗೆ ಹತ್ತಿಯ ದೂಳು ಮಂಜಿನ ಹಾಗೆ. ಮಿಷನ್ನುಗಳ ಸದ್ದಿಗೆ ಪಕ್ಕದವರ ಮಾತು ಕೇಳೋದಿಲ್ಲ. ಒಂದು ವಾರ ಹಗಲು, ಒಂದು ವಾರ ರಾತ್ರಿ. ಮನೆಗೆ ವಾರಕ್ಕೊಂದು ಫೋನು, ಅದೂ ವಾರ್ಡನ್ ಪಕ್ಕದಲ್ಲಿ ನಿಂತಿರಬೇಕು. ಎರಡು ವರ್ಷ ನಾಲ್ಕು ತಿಂಗಳಿಗೆ ಕೆಮ್ಮು ಹತ್ತಿ, ಮೈ ಇಳಿದು ಮನೆಗೆ ಬಂದಳು. ಮೂರು ವರ್ಷ ತುಂಬಿಲ್ಲ ಅಂತ ಗಂಟು ಕೊಡಲಿಲ್ಲ. ಆ ಗಂಟು ಯಾರ ದಾನವೂ ಅಲ್ಲ, ಅವಳ ದಿನಗೂಲಿಯಲ್ಲೇ ಹಿಡಿದಿಟ್ಟುಕೊಂಡದ್ದು ಅಂತ ನಮಗೆ ತಿಳಿದದ್ದು ಆಮೇಲೆ. 2011ರಲ್ಲಿ ನೆದರ್‌ಲ್ಯಾಂಡಿನ ಎರಡು ಸಂಸ್ಥೆಗಳು ಈ ಸ್ಕೀಮಿನ ಮೇಲೆ ವರದಿ ತಂದವು. ದೊಡ್ಡ ದೊಡ್ಡ ಕಂಪನಿಗಳಿಗೆ ಹೋಗುವ ಬಟ್ಟೆಯ ನೂಲು ಇಂಥ ಹಾಸ್ಟೆಲಿನ ಹುಡುಗಿಯರ ಕೈಯಿಂದ ಬರುತ್ತಿದೆ ಅಂತ ಬರೆದರು. ಅದನ್ನು ನಮಗೆ ಓದಿ ಹೇಳಿದವರು ನಮ್ಮೂರ ಮೇಷ್ಟ್ರು.

ಇನ್ನು ನೀರಿನ ಮಾತು. ಇದು ನನಗೆ ರೈತನಾಗಿ ಹೊಟ್ಟೆಗೆ ತಾಗಿದ್ದು. ನೊಯ್ಯಲ್ ಹೊಳೆ ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರು ದಾಟಿ ಕಾವೇರಿ ಸೇರುತ್ತೆ. ಹತ್ತಿ ಬಟ್ಟೆಗೆ ಬಣ್ಣ ಕೂರಬೇಕಾದರೆ ನೀರಿಗೆ ಉಪ್ಪು ಹಾಕಬೇಕು. ಕಡುಬಣ್ಣ ಆದರೆ ಒಂದು ಕೆಜಿ ಬಟ್ಟೆಗೆ ಅರ್ಧ ಕೆಜಿಯಷ್ಟು ಉಪ್ಪು ಹೋದರೂ ಹೋಯಿತು. ಬಣ್ಣ ಬಟ್ಟೆಗೆ ಹತ್ತುತ್ತೆ, ಉಪ್ಪು ನೀರಲ್ಲೇ ಉಳಿಯುತ್ತೆ. ಆ ನೀರು ವರ್ಷಗಟ್ಟಲೆ ಹೊಳೆಗೆ ಹರಿಯಿತು. ಚೆನ್ನಿಮಲೆ ಹತ್ತಿರ ಒರತ್ತುಪಾಳ್ಯಂ ಅಂತ ಒಂದು ಅಣೆಕಟ್ಟು ಇದೆ, 1992ರಲ್ಲಿ ರೈತರ ಗದ್ದೆಗೆ ನೀರು ಕೊಡೋಕೆ ಅಂತ ಕಟ್ಟಿದ್ದು. ಅದರಲ್ಲಿ ನಿಂತದ್ದು ಸಾಯದ ನೀರು. ಕಡೆಗೆ ಆ ನೀರನ್ನು ನಮ್ಮ ಹೊಲಕ್ಕೆ ಬಿಡಬೇಡಿ ಅಂತ ರೈತರೇ ಅಡ್ಡ ನಿಂತರು. ಅಣೆಕಟ್ಟಿನ ನೀರು ಬೇಡ ಅಂತ ರೈತ ಹೇಳಬೇಕಾದರೆ ಆ ನೀರು ಹೇಗಿರಬೇಕು ನೋಡಿ. ಬಾವಿ ಉಪ್ಪಾದವು, ತೆಂಗು ಒಣಗಿತು.

ಅಲ್ಲಿಯ ರೈತರು ಅಳುತ್ತಾ ಕೂರಲಿಲ್ಲ. ನೊಯ್ಯಲ್ ಅಚ್ಚುಕಟ್ಟು ರೈತರ ಸಂಘ ಮದ್ರಾಸ್ ಹೈಕೋರ್ಟಿಗೆ ಹೋಯಿತು. ಒಂದು ಹನಿ ಸಾಯದ ನೀರೂ ಹೊರಗೆ ಬಿಡಬಾರದು ಅಂತ 2006ರಲ್ಲಿ ಕೋರ್ಟು ಹೇಳಿತು. ಮಾತು ನಡೆಯದೆ ಹೋದಾಗ 2011ರ ಜನವರಿಯಲ್ಲಿ ತಿರುಪ್ಪೂರಿನ ಸಾಯಪಟ್ಟರೆಗಳನ್ನೆಲ್ಲ ಮುಚ್ಚಿಸಿತು. ನೀರನ್ನು ಸೋಸಿ, ಕಾಯಿಸಿ, ಉಪ್ಪು ಬೇರೆ ಮಾಡಿ, ಅದೇ ನೀರನ್ನು ಮತ್ತೆ ಬಳಸುವ ಏರ್ಪಾಡು ಆದ ಮೇಲೆ ಒಂದೊಂದಾಗಿ ತೆರೆದವು. ಅದಕ್ಕೆ ಖರ್ಚು ಬಹಳ. ಆ ಖರ್ಚು ಹೊಸದಲ್ಲ ಅನ್ನೋದು ನನ್ನ ಮಾತು. ಮುಂಚೆ ಅದನ್ನು ಕೆಳಗಿನ ರೈತ ತನ್ನ ತೆಂಗಿನ ಮರದಿಂದ ಕಟ್ಟುತ್ತಿದ್ದ, ಈಗ ಬಟ್ಟೆ ಮಾಡುವವನು ಕಟ್ಟಬೇಕಾಯಿತು, ಅಷ್ಟೇ.

ಆದರೆ ಮುಚ್ಚಿದಾಗ ಮೊದಲು ಕೆಲಸ ಕಳೆದುಕೊಂಡವರು ಯಾರು? ಪಟ್ಟರೆಯಲ್ಲಿ ದುಡಿಯುತ್ತಿದ್ದ ಕೂಲಿಯವರು. ಇದನ್ನೂ ಮರೆಯಬಾರದು. ಹೊಳೆ ಉಳಿಸೋ ಲೆಕ್ಕ, ಕೂಲಿಯವರ ಹೊಟ್ಟೆ ಲೆಕ್ಕ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯಬೇಕು.

ಈಚೆಗೆ ಬಟ್ಟೆಗಳ ಮೇಲೆ ಪರಿಸರದ್ದು, ಸಾವಯವದ್ದು ಅಂತ ಚೀಟಿ ಬರುತ್ತಿದೆ. ಕೆಲವು ಚೀಟಿ ಗಟ್ಟಿ. ಗೋಟ್ಸ್ ಅನ್ನೋ ಗುರುತು ಬೇಕಾದರೆ ನೂರಕ್ಕೆ ಎಪ್ಪತ್ತು ಭಾಗವಾದರೂ ಸಾವಯವ ನೂಲು ಇರಬೇಕು, ಬಣ್ಣದ ನೀರಿಗೂ ಕೂಲಿಯವರಿಗೂ ನಿಯಮ ಇದೆ. ಒಳ್ಳೇದೇ. ಆದರೆ ಪರೀಕ್ಷೆ ಮಾಡೋರು ವರ್ಷಕ್ಕೆ ಒಂದೆರಡು ದಿನ ಬರುತ್ತಾರೆ. “ಅವ್ರು ಬರೋ ದಿನ ಕಂಪ್ನಿ ತೊಳ್ದು ಮದ್ವೆ ಮನೆ ಆಯ್ತದೆ ಕನ ಮಾವ” ಅಂತ ತಂಗಿ ಮಗಳು ನಕ್ಕಳು. ಉಳಿದ ದಿನ ನೋಡೋರು ಯಾರು? ಅಲ್ಲೇ ಕೂತು ಹೊಲಿಯೋರೇ ನೋಡಬೇಕು.

ಅದಕ್ಕೆ ಒಂದು ದಾರಿ ದಿಂಡಿಗಲ್‌ನಲ್ಲಿ ಆಗಿದೆ. 2021ರ ಜನವರಿಯಲ್ಲಿ ಅಲ್ಲಿಯ ಗಾರ್ಮೆಂಟ್ಸಿನ ಇಪ್ಪತ್ತು ವರ್ಷದ ದಲಿತ ಹುಡುಗಿಯೊಬ್ಬಳ ಕೊಲೆಯಾಯಿತು. ಮೇಲ್ವಿಚಾರಕನೊಬ್ಬನ ಮೇಲೆ ಕೇಸಾಯಿತು. ಕಾಟ ಕೊಡುತ್ತಿದ್ದ ಅಂತ ಅವಳು ಮುಂಚೆಯೇ ಮನೆಯಲ್ಲಿ ಹೇಳಿದ್ದಳಂತೆ. ದಲಿತ ಹೆಂಗಸರು ಮುಂದೆ ನಿಂತು ನಡೆಸುವ ಅಲ್ಲಿಯ ಜವಳಿ ಕಾರ್ಮಿಕರ ಸಂಘ ಬಿಡಲಿಲ್ಲ. 2022ರ ಏಪ್ರಿಲ್‌ನಲ್ಲಿ ಒಂದು ಒಪ್ಪಂದ ಆಯಿತು, ದಿಂಡಿಗಲ್ ಒಪ್ಪಂದ ಅಂತಲೇ ಹೆಸರು. ಬಟ್ಟೆ ಮಾಡುವ ಕಂಪನಿಯ ಜೊತೆಗೆ ಬಟ್ಟೆ ಕೊಳ್ಳುವ ಎಚ್ ಅಂಡ್ ಎಂ ಕೂಡ ರುಜು ಹಾಕಿತು. ಕೆಲಸದ ಹೆಂಗಸರಲ್ಲೇ ಕೆಲವರನ್ನು ಸಂಘ ತಯಾರು ಮಾಡಬೇಕು ಅಂತ ಅದರಲ್ಲಿತ್ತು. ಲೈನಿನಲ್ಲಿ ಯಾರಿಗಾದರೂ ಕಾಟ ಆದರೆ ಅವರು ಹೇಳಬೇಕಿತ್ತು, ಹೇಳಿದವರ ಕೆಲಸ ತೆಗೆಯುವ ಹಾಗಿರಲಿಲ್ಲ. ಕಂಪನಿ ಮಾತು ತಪ್ಪಿದರೆ ಕೊಳ್ಳುವವರೂ ಸುಮ್ಮನಿರೋ ಹಾಗಿರಲಿಲ್ಲ. ಒಂದು ಜೀವ ಹೋದ ಮೇಲೆ ಬಂದ ಒಪ್ಪಂದ, ಆದರೂ ಬಂತು. ತಂದವರು ಹೊಲಿಯುವ ಹೆಂಗಸರೇ.

ನೊಯ್ಯಲ್ ರೈತರು, ದಿಂಡಿಗಲ್ ಹೆಂಗಸರು, ಇಬ್ಬರೂ ಮಾಡಿದ್ದು ಒಂದೇ. ಮುಚ್ಚಿಟ್ಟಿದ್ದ ಲೆಕ್ಕವನ್ನು ಹತ್ತು ಜನರ ಮುಂದೆ ಬಿಚ್ಚಿಟ್ಟರು. ತಂಗಿ ಮಗಳು ಹೇಳಿದ್ದೂ ಇದೇ: “ಬಟ್ಟೆ ಹೊಲ್ಯೋದು ಕೆಟ್ಟ ಕೆಲ್ಸ ಅಲ್ಲ ಕನ ಮಾವ. ನಮ್ಮಂತೋರಿಗೆ ಅದ್ರಲ್ಲೇ ಅನ್ನ. ಲೆಕ್ಕ ಬಚ್ಚಿಡೋದು ಕೆಟ್ಟದ್ದು.” ಹಾಗಾಗಿ ಮಕ್ಕಳನ್ನು ಕಳಿಸಬೇಡಿ ಅಂತ ನಾನು ಹೇಳುವುದಿಲ್ಲ. ಮಳೆ ನಂಬಿದ ಹೊಲ ಇಟ್ಟುಕೊಂಡು ಹಾಗೆ ಹೇಳೋಕೆ ನನಗೆ ಬಾಯಿಲ್ಲ. ಕೇಳಿ ಕಳಿಸಿ ಅಂತೀನಿ.

ಏಜೆಂಟು ಬಂದರೆ ಜಗಲಿ ಮೇಲೆ ಕೂರಿಸಿ, ಕಾಪಿ ಕೊಟ್ಟು, ಇಷ್ಟು ಕೇಳಿ. ಕಂಪನಿ ಹೆಸರು, ಊರು ಯಾವುದು? ಕೂಲಿ ತಿಂಗಳು ತಿಂಗಳು ಮಗುವಿನ ಬ್ಯಾಂಕು ಪುಸ್ತಕಕ್ಕೇ ಬರುತ್ತೋ, ಕೊನೆಗೆ ಗಂಟು ಅನ್ನುತ್ತೀರೋ? ಗಂಟು ಅಂದರೆ ಬೇಡ ಅನ್ನಿ. ಸಂಬಳದ ಚೀಟಿ ಕೊಡುತ್ತೀರಾ? ಪಿಎಫ್ ಇದೆಯಾ? ಅದರಲ್ಲಿ ನೂರಕ್ಕೆ ಹನ್ನೆರಡು ಕೆಲಸದವರದು, ಅಷ್ಟೇ ಕಂಪನಿಯದು ಸೇರಬೇಕು. ಕಾಯಿಲೆಗೆ ಇಎಸ್‌ಐ ಕಾರ್ಡು ಇದೆಯಾ? ಹಾಸ್ಟೆಲಿಂದ ಮಗು ಬೇಕಾದಾಗ ಫೋನು ಮಾಡಬಹುದಾ, ಭಾನುವಾರ ಹೊರಗೆ ಹೋಗಬಹುದಾ? ಹೆಣ್ಣುಮಕ್ಕಳ ದೂರು ಕೇಳೋಕೆ 2013ರ ಕಾನೂನಿನ ಪ್ರಕಾರ ಇರಬೇಕಾದ ಸಮಿತಿ ಇದೆಯಾ, ಅದರಲ್ಲಿ ಯಾರಿದ್ದಾರೆ? ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿ ಕೊಡಿ ಅನ್ನಿ. ಹದಿನೆಂಟು ತುಂಬದ ಮಗುವನ್ನು ಕೇಳಿಕೊಂಡು ಬಂದರೆ ಮಾತೇ ಬೇಡ, 1098ಕ್ಕೆ ಫೋನು ಮಾಡಿ. ಹೆಂಗಸರಿಗೆ 181 ಇದೆ.

ಕೊಳ್ಳುವವರಾಗಿ ನಮ್ಮ ಕೈಲಾಗೋದು ಸಣ್ಣದು. ಹಬ್ಬಕ್ಕೆ ಮೂರು ಅಗ್ಗದ ಅಂಗಿ ಬದಲು ಗಟ್ಟಿಯಾದ ಒಂದು ತಗೊಂಡು, ಹರಿದರೆ ಹೊಲಿಸಿ ಹಾಕೋದು. ನಮ್ಮ ಅವ್ವಂದಿರು ಹಳೇ ಸೀರೆಗಳನ್ನು ಜೋಡಿಸಿ ಹೊಲಿದು ಹೊದೆಯೋಕೆ ಮಾಡುತ್ತಿದ್ದರು. ಅದು ಬಡತನಕ್ಕೆ ಮಾತ್ರ ಅಲ್ಲ, ನೂಲಿನ ಬೆಲೆ ಅವರಿಗೆ ಗೊತ್ತಿತ್ತು.

ಮೇಷ್ಟ್ರುಗಳಲ್ಲಿ ನನ್ನದೊಂದು ಅರಿಕೆ. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ಮರುದಿನವೇ ಏಜೆಂಟು ಬರುತ್ತಾನೆ. ಅದಕ್ಕೆ ಒಂದು ವಾರ ಮುಂಚೆ ಮಕ್ಕಳನ್ನೂ ಅಪ್ಪ ಅಮ್ಮಂದಿರನ್ನೂ ಕೂರಿಸಿ ಮೇಲಿನ ಪ್ರಶ್ನೆಗಳನ್ನು ಒಂದು ಸಲ ಓದಿ ಹೇಳಿ. ಗಂಟೆ ಹಿಡಿದು ಕೂಲಿ ಲೆಕ್ಕ ಮಾಡೋದನ್ನು ಹಲಗೆ ಮೇಲೆ ಬರೆದು ತೋರಿಸಿ. ಆ ಗಣಿತ ಬಂದ ಮಗು ಎಲ್ಲಿಗೆ ಹೋದರೂ ಬದುಕಿಕೊಳ್ಳುತ್ತೆ.