ಮಾಳಿಗೆಯ ಮೇಲೆ ಮೂವತ್ತು ಸೆಕೆಂಡು

ಮೊದಲು ಅಕೌಂಟ್ಸ್‌ನವರ ಮೇಲ್ ನಿಂತಿತು. ಹತ್ತು ನಿಮಿಷಕ್ಕೆ ಸ್ಟೋರ್ಸ್‌ನವರದು. ದಾವಣಗೆರೆಯ ಪಿ.ಬಿ. ರಸ್ತೆಯ ನಮ್ಮ ಆಫೀಸಿನಲ್ಲಿ ಒಂದೊಂದೇ ಪರದೆ ಲಾಗಿನ್ ಪುಟಕ್ಕೆ ಬಂದು ಕೂರುತ್ತಿತ್ತು. ರಾತ್ರಿ 12ರೊಳಗೆ ದರಪಟ್ಟಿ ಮೇಲ್‌ನಲ್ಲಿ ಹೋಗದಿದ್ದರೆ ಟೆಂಡರ್ ಕೈತಪ್ಪಿದಂತೆಯೇ. ಆಗಲೇ ಹತ್ತೂವರೆ. ಇದನ್ನೆಲ್ಲ ಸರಿಪಡಿಸಬೇಕಾದ ನಾನು ಕಡರನಾಯಕನಹಳ್ಳಿಯಲ್ಲಿದ್ದೆ, ಕರೆಂಟಿಲ್ಲದ ಮನೆಯಲ್ಲಿ. ಹೊರಗೆ ಜಡಿಮಳೆ. ಉಕ್ಕಡಗಾತ್ರಿ ಕಡೆ ಹೊಳೆ ರಸ್ತೆಗೆ ಬಂದಿದೆಯಂತೆ ಎಂದು ಊರೆಲ್ಲ ಮಾತಾಡುತ್ತಿತ್ತು. ಬೈಕ್ ಹತ್ತಿ ಹರಿಹರ ದಾಟಿ ದಾವಣಗೆರೆ ಸೇರುವಷ್ಟರಲ್ಲಿ ನಾಳೆಯಾಗುತ್ತದೆ.

"ಸಾರ್, 53003 ಅಂತ ಬರ್ತೈತ್ರಿ" ಎಂದಳು ಫೋನಿನಲ್ಲಿ ಟೆಂಡರ್ ವಿಭಾಗದ ಹುಡುಗಿ.

ಎದೆ ಧಸಕ್ಕೆಂದಿತು. ಪಾಸ್‌ವರ್ಡ್ ತಪ್ಪಾಗಿದ್ದರೆ ಆ ಸಂಖ್ಯೆ ಬರುವುದಿಲ್ಲ. ಪಾಸ್‌ವರ್ಡ್ ಸರಿಯಿದೆ, ಆದರೂ ಕಂಡೀಷನಲ್ ಆ್ಯಕ್ಸೆಸ್ ನಿಯಮ ಒಳಗೆ ಬಿಡಲಿಲ್ಲ ಎಂದು ಅದರರ್ಥ. ಮೇಲ್‌ಗಳು ಸಾಲಾಗಿ ನಿಲ್ಲುತ್ತಿದ್ದುದಕ್ಕೂ ಕಾರಣ ಹೊಳೆಯಿತು. ಒಮ್ಮೆ ಲಾಗಿನ್ ಆದವರಿಗೆ ಸಿಗುವ ಟೋಕನ್‌ನ ಆಯಸ್ಸು ಸಾಮಾನ್ಯವಾಗಿ 60ರಿಂದ 90 ನಿಮಿಷ. ಅದು ಮುಗಿದವರು ಮುಗಿದ ಹಾಗೆ ಹೊರಬೀಳುತ್ತಿದ್ದರು. ಅಂದರೆ ಪೆಟ್ಟು ಬಿದ್ದದ್ದು ಮೊದಲ ಮೇಲ್ ನಿಲ್ಲುವುದಕ್ಕೂ ಮುಂಚೆ.

"ಸಂಜೆ ಏನಾದ್ರೂ ಬದಲಾತೇನು?"

"ಫೈಬರ್ ಕಟ್ ಆಗೈತಿ ಸಾರ್. ಇನ್ನೊಂದ್ ಲೈನ್ ಹಾಕ್ಯಾರೆ."

ಸಿಕ್ಕಿತು! ನಮ್ಮ ನಿಯಮ ಸರಳ. ಆಫೀಸಿನ ಐಪಿ ವಿಳಾಸದಿಂದ ಬಂದರೆ ಪಾಸ್‌ವರ್ಡ್ ಸಾಕು, ಹೊರಗಿನಿಂದ ಬಂದರೆ ಎರಡನೇ ಪುರಾವೆ ಬೇಕು, ಭಾರತದ ಆಚೆಯಿಂದಾದರೆ ಪ್ರವೇಶವೇ ಇಲ್ಲ. ಬದಲಿ ಲೈನ್ ಕೊಟ್ಟದ್ದು ಉದ್ದನೆಯ ಐಪಿವಿ6 ವಿಳಾಸ. 2023ರ ಏಪ್ರಿಲ್‌ನಿಂದ ನಾವು ಬಳಸುವ ಮೈಕ್ರೋಸಾಫ್ಟ್‌ನ ಲಾಗಿನ್ ವ್ಯವಸ್ಥೆ ಇಂಥ ವಿಳಾಸಗಳನ್ನೂ ಸ್ವೀಕರಿಸುತ್ತಿದೆ. ನಮ್ಮ ಆಫೀಸ್ ವಿಳಾಸಗಳ ಪಟ್ಟಿ ಅದಕ್ಕಿಂತ ಹಳೆಯದು. ಆ ವಿಳಾಸ ಯಾವ ದೇಶದ್ದೆಂದೇ ವ್ಯವಸ್ಥೆಗೆ ಗೊತ್ತಾಗಿರಲಿಲ್ಲ. ಗೊತ್ತಿಲ್ಲದ್ದು ಭಾರತವಲ್ಲ. ಪಿ.ಬಿ. ರಸ್ತೆಯಲ್ಲಿ ಕೂತವರೆಲ್ಲ ಕುರ್ಚಿ ಬಿಟ್ಟೇಳದೆ ಪರದೇಶಿಗಳಾಗಿದ್ದರು.

"ಮೊಬೈಲ್ ಹಾಟ್‌ಸ್ಪಾಟ್ ಹಾಕು, ಬೇಗ!"

ಹಾಕಿದಳು. ದೇಶದ ಗಡಿ ದಾಟಿದಳು. ಆದರೆ ಈಗ ಅವಳು ಆಫೀಸಿನ ಹೊರಗಿನವಳು, ಎರಡನೇ ಪುರಾವೆ ಬೇಕು. ದಿನವೂ ಆಫೀಸಿನಿಂದಲೇ ಕೆಲಸ ಮಾಡಿದವಳು ಅದನ್ನು ನೋಂದಾಯಿಸಿಯೇ ಇರಲಿಲ್ಲ. ಹೊಸದಾಗಿ ನೋಂದಾಯಿಸೋಣವೆಂದರೆ ಅದಕ್ಕೂ ಒಂದು ನಿಯಮ: ಆಫೀಸಿನ ವಿಳಾಸದಿಂದ ಮಾತ್ರ! ಕದ್ದ ಪಾಸ್‌ವರ್ಡ್ ಹಿಡಿದು ಬಂದವನು ತನ್ನ ಫೋನನ್ನೇ ನೋಂದಾಯಿಸಿಕೊಳ್ಳಬಾರದೆಂದು ಮಾಡಿದ ಒಳ್ಳೆಯ ನಿಯಮವೇ. ಆ ರಾತ್ರಿ ಅದನ್ನು ಹೊಗಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಇಂಥ ಗಳಿಗೆಗೆಂದೇ ಈ ನಿಯಮಗಳ ಹಿಡಿತಕ್ಕೆ ಸಿಗದ ತುರ್ತು ಖಾತೆ ಇಟ್ಟುಕೊಂಡಿರಬೇಕು. ನಮ್ಮಲ್ಲೂ ಇತ್ತು. ಅದರ ಪಾಸ್‌ವರ್ಡ್ ಲಕೋಟೆಯಲ್ಲಿ, ಲಕೋಟೆ ಬೀರುವಿನಲ್ಲಿ, ಬೀರುವಿನ ಕೀ ಮ್ಯಾನೇಜರ ಜೇಬಿನಲ್ಲಿ, ಮ್ಯಾನೇಜರು ಹುಬ್ಬಳ್ಳಿ ರೈಲಿನಲ್ಲಿ.

ಉಳಿದದ್ದು ನನ್ನ ಅಡ್ಮಿನ್ ಖಾತೆ ಮಾತ್ರ. ಮನೆಯೊಳಗೆ ಮಾತಿಗಷ್ಟೇ ಸಿಗ್ನಲ್, ಡೇಟಾ ಇಲ್ಲ. ಲ್ಯಾಪ್‌ಟಾಪನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಏಣಿ ಹತ್ತಿದೆ. "ಸಿಡಿಲು ಹೊಡಿತೈತೋ, ಇಳಿಯೋ ತಮ್ಮಾ!" ಕೆಳಗಿನಿಂದ ದೊಡ್ಡಪ್ಪನ ಕೂಗು. ಬ್ಯಾಟರಿ ಶೇ. 14. ಭದ್ರಾ ನಾಲೆಯ ಕೊನೆಯ ಗದ್ದೆಗೆ ನೀರು ಬರುವ ಹಾಗೆ ಡೇಟಾ ಬರುತ್ತಿತ್ತು, ಬಂದರೆ ಬಂತು.

ಪಾಸ್‌ವರ್ಡ್ ಹೊಡೆದೆ. ಪರದೆಯಲ್ಲಿ ಎರಡಂಕಿ ಮೂಡಿತು. ಅದನ್ನು ಫೋನಿನ ಅಥೆಂಟಿಕೇಟರ್‌ನಲ್ಲಿ ಒತ್ತಬೇಕು. ಆದರೆ ಫೋನಿಗೆ ಸಂದೇಶವೇ ಬರಲಿಲ್ಲ. ಕಾದೆ. ಅವಧಿ ಮುಗಿಯಿತು. ಮತ್ತೆ ಹೊಡೆದೆ, ಮತ್ತೆ ಮೌನ. ಆಗ ನೆನಪಾಯಿತು, ಅದೇ ಆ್ಯಪ್‌ನಲ್ಲಿ ತಿರುಗುವ ಆರಂಕಿಯ ಕೋಡ್! ಅದಕ್ಕೆ ನೆಟ್‌ವರ್ಕಿನ ಹಂಗಿಲ್ಲ. ಫೋನಿನೊಳಗಿನ ಗುಪ್ತಕೀಲಿ, ಗಡಿಯಾರದ ಸಮಯ, ಎರಡೇ ಸಾಕು; 30 ಸೆಕೆಂಡಿಗೊಮ್ಮೆ ಹೊಸದು. ಒತ್ತಿದೆ. ಪುಟ ತೆವಳಿತು, ಕೋಡ್ ಹಳಸಿತು, ತಿರಸ್ಕಾರ. ಉಪಾಯ ಬದಲಿಸಿದೆ. ಕೋಡ್ ಕೇಳುವ ಪುಟವನ್ನು ತೆರೆದಿಟ್ಟು, ಹೊಸ ಆರಂಕಿ ಹುಟ್ಟುವುದನ್ನೇ ಕಾದು, ಹುಟ್ಟಿದ ಕ್ಷಣವೇ ಬಡಿದೆ.

ಒಳಗೆ!

ಲಾಗ್ ತೆರೆದರೆ ನನ್ನ ಲಾಗಿನ್ ಮುಂದೆ 'ಚೆನ್ನೈ' ಎಂದಿತ್ತು. ಕಡರನಾಯಕನಹಳ್ಳಿಯ ಮಾಳಿಗೆಯ ಮೇಲೆ ತೊಪ್ಪೆಯಾಗಿ ಕೂತವನು ಚೆನ್ನೈನವನಂತೆ! ಐಪಿ ವಿಳಾಸ ಹೇಳುವುದು ಕೂತ ಜಾಗವನ್ನಲ್ಲ, ಮೊಬೈಲ್ ಕಂಪನಿಯ ಜಾಲ ನಮ್ಮನ್ನು ಇಂಟರ್ನೆಟ್ಟಿಗೆ ಬಿಟ್ಟ ಜಾಗವನ್ನು. ದೇಶದ ಮಟ್ಟಕ್ಕೆ ಬಹುಪಾಲು ಸರಿ. ಊರು ನಂಬಿ ನಿಯಮ ಬರೆದವರನ್ನು ದೇವರೇ ಕಾಯಬೇಕು.

ಆಫೀಸಿನ ವಿಳಾಸ ಲಾಗ್‌ನ ಪುಟದಲ್ಲಿ ಮೂಡುವಷ್ಟರಲ್ಲಿ ಸಿಗ್ನಲ್ ಬಿತ್ತು. ಎದ್ದಾಗ ಹುಡುಗಿಗೆ ಫೋನ್. "ಹಾಟ್‌ಸ್ಪಾಟ್ ಬಿಟ್ಟು ಆಫೀಸ್ ಲೈನಿಗೆ ಬಂದು ನಿನ್ನ ಐಪಿ ಓದು. 192.168 ಅನ್ನೋದು ಬೇಡ, ಅದು ಆಫೀಸಿನ ಒಳಗಿಂದು, ಹೊರಗೆ ಯಾರಿಗೂ ಕಾಣಲ್ಲ." ಅವಳು ಕಿರುಚಿದಳು: "ಬಿ ಫಾರ್ ಬೆಂಗಳೂರು... ಡಿ ಫಾರ್ ದಾವಣಗೆರೆ..." ಗುಡುಗಿನ ನಡುವೆ ಬರೆದುಕೊಂಡೆ. ಮೊದಲ ನಾಲ್ಕು ಗುಂಪು ಸಾಕು, ಉಳಿದದ್ದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಬೇರೆ.

ಅಷ್ಟರಲ್ಲಿ ರೈಲಿನಿಂದ ಮ್ಯಾನೇಜರು: "ಆ ರೂಲೆಲ್ಲಾ ಕಿತ್ತಾಕ್ರಿ ಅತ್ಲಾಗೆ!" ಒಂದೇ ಕ್ಲಿಕ್ಕಿನ ಕೆಲಸ, ನಿಜ. ಆದರೆ ಹಗಲಿರುಳು ಪಾಸ್‌ವರ್ಡ್ ಊಹಿಸುತ್ತ ಕೂತವರಿಗೆ ಎರಡನೇ ಪುರಾವೆಯೇ ಇಲ್ಲದ ಖಾತೆಗಳನ್ನು ತೆರೆದಿಟ್ಟಂತೆ. "ಆಯ್ತು ಸಾರ್, ನೋಡ್ತೀನಿ" ಎಂದು ಇಟ್ಟೆ. ಕೀಳಲಿಲ್ಲ.

ಹೊಸ ವಿಳಾಸಕ್ಕೊಂದು ಹೆಸರು ಕೊಟ್ಟು ನಂಬಿಕಸ್ತ ಜಾಗವೆಂದು ಗುರುತಿಸಿದೆ. ದೇಶ ತಡೆಯುವ ನಿಯಮದ ವಿನಾಯಿತಿಗೂ ಸೇರಿಸಿ ಉಳಿಸಿದೆ. ಇದನ್ನು ಮರೆತರೆ ಮಾಡಿದ್ದೆಲ್ಲ ನೀರಿನ ಪಾಲು. 'ವಾಟ್ ಇಫ್' ಪರೀಕ್ಷೆಯಲ್ಲಿ ಅವಳ ಹೆಸರು, ಆ ವಿಳಾಸ ಹಾಕಿ ನೋಡಿದೆ. ತಡೆಯುವ ನಿಯಮ ಅನ್ವಯಿಸದು ಎಂದಿತು. ಬ್ಯಾಟರಿ ಶೇ. 3.

ಉಳಿಸಿದ ತಕ್ಷಣ ಎಲ್ಲೆಡೆ ಜಾರಿಯಾಗುವುದಿಲ್ಲ. 11:40. ಇಲ್ಲ. 11:46. ಇಲ್ಲ. ಲ್ಯಾಪ್‌ಟಾಪ್ ಕಪ್ಪಾಯಿತು. 11:51ಕ್ಕೆ ಫೋನ್: "ಓಪನ್ ಆತು ಸಾರ್! ಕಳಿಸ್ದೆ! ಹೋತು!"

ಒದ್ದೆ ಏಣಿ ಹಿಡಿದು ಅರ್ಧ ಇಳಿದಿದ್ದೆ. ಮತ್ತೆ ಫೋನ್, +971ರಿಂದ. ನಮ್ಮ ಸೇಲ್ಸ್‌ನವನು. ದುಬೈಗೆ ಹೋಗುವ ಸುದ್ದಿಯನ್ನು ಯಾರಿಗೂ ಹೇಳದೆ ಹೋಗಿದ್ದ.

"ಸಾರ್, ಎಲ್ಲಾರ್ದು ಸರಿ ಆತಂತೆ. ನಂದ್ಯಾಕೋ ಇನ್ನೂ ಓಪನ್ ಆಗ್ತಿಲ್ಲ."

ಅವನೊಬ್ಬನ ವಿಷಯದಲ್ಲಿ ನಿಯಮ ಸಂಜೆಯಿಂದಲೂ ಸರಿಯಾಗಿಯೇ ಕೆಲಸ ಮಾಡುತ್ತಿತ್ತು.