ಕ್ರಾಂಜಿಯ ಗುಡ್ಡದ ಮೇಲೆ

ಮಗಳನ್ನು ನೋಡಲು ಸಿಂಗಪುರಕ್ಕೆ ಹೋಗಿದ್ದಾಗ ಕ್ರಾಂಜಿ ಯುದ್ಧ ಸ್ಮಶಾನಕ್ಕೂ ಹೋದೆ. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರಿಗೆ ಶರಣಾದಾಗ ಮೈಸೂರು ಸಂಸ್ಥಾನದ ಪದಾತಿದಳವೂ ಅಲ್ಲಿತ್ತು.

ಗುಡ್ಡದ ಮೇಲಿನ ಸ್ಮಾರಕದ ಚಾವಣಿ ವಿಮಾನದ ರೆಕ್ಕೆಯಂತಿದೆ. ಕೆಳಗಿನ ಕಂಬಗಳಲ್ಲಿ ಸಮಾಧಿಯೇ ಸಿಗದ 24,000ಕ್ಕೂ ಹೆಚ್ಚು ಜನರ ಹೆಸರು. ರೆಕ್ಕೆ ಕಂಡೊಡನೆ ಬರ್ನೌಲಿ ತತ್ತ್ವ ನೆನಪಾಯಿತು, ಮೇಷ್ಟ್ರ ಚಾಳಿ ನೋಡಿ! ಸಮಾಧಿಕಲ್ಲುಗಳ ಮೇಲಿನ ವಯಸ್ಸು ಓದುತ್ತ ಹೋದಂತೆ ಅದು ಮರೆತೇಹೋಯಿತು. 19, 20, 21. ನಮ್ಮ ಶಾಲೆ ಬಿಟ್ಟು ನಾಲ್ಕೈದು ವರ್ಷವಾದ ಹುಡುಗರ ವಯಸ್ಸು.

ದಹನವಾದ ಸುಮಾರು 800 ಯೋಧರಿಗೆ ಬೇರೆಯೇ ಸ್ಮಾರಕವಿದೆ; ಹೆಚ್ಚಿನವರು ಭಾರತೀಯ ಸೇನೆಯವರು. ಅವರಿಗೆ ಒಬ್ಬೊಬ್ಬರಿಗೊಂದು ಕಲ್ಲಿಲ್ಲ, ಹೆಸರಷ್ಟೇ. ಒಂದು ಸಾಲನ್ನು ಹಾಜರಿ ಕೂಗುವಂತೆ ಗಟ್ಟಿಯಾಗಿ ಓದಿದೆ. ಮಗಳು ಕೊಡೆ ಹಿಡಿದು ನಿಂತಿದ್ದಳು.