ಬಿಗಿದ ಮುಚ್ಚಳ

ಉಪ್ಪಿನಕಾಯಿಗೆ ಲೋಹ ಸಲ್ಲದೆಂಬುದು ನಮ್ಮ ಹಿರಿಯರಿಗೆ ರಸಾಯನಶಾಸ್ತ್ರ ಓದದೆಯೇ ತಿಳಿದಿತ್ತು. ಪಿಂಗಾಣಿ ಭರಣಿ, ಬಾಯಿಗೆ ಬಿಳಿಯ ಬಟ್ಟೆ, ಮೇಲೊಂದು ಸುತ್ತು ದಾರ: ಇಷ್ಟೇ ಅವರ ಏರ್ಪಾಡು. ಆದರೆ ಭರಣಿ ಹೊತ್ತು ರಾತ್ರಿ ಬಸ್ಸು ಹತ್ತಲಾಗದು. ಊರು ಬಿಟ್ಟವರ ಪಾಲಿನ ಉಪ್ಪಿನಕಾಯಿ ಹಾಗಾಗಿ ತಗಡಿನ ತಿರುಗು ಮುಚ್ಚಳದ ಗಾಜಿನ ಶೀಸೆಗೆ ಇಳಿಯಿತು. ಶಿರಸಿಯ ಕಡೆಯಿಂದ ಪಟಾನ್‌ಚೆರುವಿನ ನಮ್ಮ ಅಡುಗೆಮನೆಯ ಅಟ್ಟಕ್ಕೆ ಬಂದು ಕುಳಿತದ್ದೂ ಅಂಥದೇ ಒಂದು ಶೀಸೆ.

ಅದರೊಳಗಿದ್ದುದು ಅಪ್ಪೆಮಿಡಿ. ಅಘನಾಶಿನಿ, ವರದಾ, ಶರಾವತಿಗಳ ದಂಡೆಯ ಕಾಡುಮಾವುಗಳಲ್ಲಿ ಒಂದು ಮರದ ಪರಿಮಳ ಇನ್ನೊಂದಕ್ಕಿಲ್ಲ. ಒಂದು ಜೀರಿಗೆಯ ವಾಸನೆಯದಾದರೆ ಮತ್ತೊಂದು ಕರ್ಪೂರದ್ದು. ಬೀಜದಿಂದ ಹುಟ್ಟಿದ ಮರ ತಾಯಿಮರದ ಗುಣವನ್ನೇ ಉಳಿಸಿಕೊಳ್ಳುವ ಭರವಸೆ ಇಲ್ಲ. ಅದಕ್ಕೆ ಕಸಿಯೇ ಆಗಬೇಕು. ನಮ್ಮ ಮರಕ್ಕೆ ಯಾರೂ ಕಸಿ ಕಟ್ಟಿರಲಿಲ್ಲ. ಹೋದ ಮಳೆಗಾಲದಲ್ಲಿ ಅದು ಹೊಳೆಗೆ ಬಿತ್ತು. ಆ ಮರದ ಮಿಡಿ ಲೋಕದಲ್ಲಿ ಇನ್ನು ಉಳಿದದ್ದು ಈ ಶೀಸೆಯಲ್ಲಿ ಮಾತ್ರ. ಮುಚ್ಚಳವೋ ಕದಲಲೊಲ್ಲದು.

ಉಪ್ಪುನೀರು ಸುರುಳಿಯಂಚಿನ ಸಂದಿಗೆ ಏರಿ, ಒಣಗಿ, ಹರಳುಗಟ್ಟಿತ್ತು. ತಗಡೂ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಉಪಾಯ ಹೇಳುವವರಿಗೆ ಬರವಿರಲಿಲ್ಲ. ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಿರೆಂದು ಒಬ್ಬರು, ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರೆಂದು ಇನ್ನೊಬ್ಬರು. ಶೀಸೆ ಒಡೆದು ಗಾಜಿನ ಚೂರೊಂದು ಒಳಗೆ ಬಿದ್ದರೂ ಎಲ್ಲವನ್ನೂ ಚೆಲ್ಲಬೇಕಿತ್ತು. ಕೊನೆಗೆ ಮಾತನಾಡಿದವರು ಮೇಲಿನ ಮನೆಯ, ಜಹೀರಾಬಾದಿನ ಅಜ್ಜಿ. ಮುಂಬಯಿ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಸಂಗಾರೆಡ್ಡಿ, ಜಹೀರಾಬಾದ್, ಅದರಾಚೆ ಹುಮನಾಬಾದ್. 1956ರವರೆಗೆ ಇವೆಲ್ಲ ಒಂದೇ ರಾಜ್ಯದ ಊರುಗಳು. ಆ ಸೀಮೆಯ ಕನ್ನಡ ಈಗಲೂ ಅವರ ನಾಲಗೆಯ ಮೇಲಿದೆ. "ಬಡೀಬ್ಯಾಡ್ರಿ, ಶೀಸಿ ಒಡದೀತು. ಬಿಸಿ ಅರಿವಿ ಸುತ್ರಿ, ಮುಚ್ಚಳಕ್ಕಷ್ಟ," ಎಂದರು.

ಆ 'ಮುಚ್ಚಳಕ್ಕಷ್ಟ' ಎಂಬಲ್ಲಿಯೇ ಎಲ್ಲವೂ ಇದೆ. ಒಂದು ಡಿಗ್ರಿ ಕಾವೇರಿದರೆ ಉಕ್ಕು ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ಸಾಧಾರಣ ಗಾಜು 9 ಪಾಲು. 7 ಸೆಂಟಿಮೀಟರು ಅಗಲದ ಮುಚ್ಚಳವನ್ನು 50 ಡಿಗ್ರಿ ಕಾಯಿಸಿದರೆ ದೊರೆಯುವುದು 0.04 ಮಿಲಿಮೀಟರು, ಒಂದು ತಲೆಗೂದಲಿನಷ್ಟೂ ಅಲ್ಲ. ಶೀಸೆಯನ್ನೇ ಬಿಸಿನೀರಿಗಿಳಿಸಿದರೆ ಗಾಜೂ ಜೊತೆಗೆ ಹಿಗ್ಗಿ ಉಳಿಯುವುದು ಅದರ ಕಾಲು ಭಾಗ. ಗಾಜು ಸಿಡಿಯುವ ಭಯ ಬೇರೆ.

ಪಾನಗೃಹಗಳಲ್ಲಿ ಗಾಜಿನ ಲೋಟದ ಮೇಲೆ ಉಕ್ಕಿನ ಪಾತ್ರೆ ಕವುಚಿ ಮದ್ಯ ಕುಲುಕುವವರದು ಇದೇ ಲೆಕ್ಕದ ತಿರುವು. ಮಂಜುಗಡ್ಡೆಯ ತಂಪಿಗೆ ಉಕ್ಕು ಗಾಜಿಗಿಂತ ಹೆಚ್ಚು ಕುಗ್ಗಿ ಅದನ್ನು ಅಪ್ಪಿಕೊಳ್ಳುತ್ತದೆ, ಒಳಗಿನ ಗಾಳಿಯೂ ಕುಗ್ಗಿ ಎಳೆಯುತ್ತದೆ. ಅವರು ಎಳೆದಾಡುವುದಿಲ್ಲ, ಅಂಗೈಯಿಂದ ಪಕ್ಕಕ್ಕೊಂದು ಏಟು ಕೊಡುತ್ತಾರೆ. ಅಂಗಡಿಯ ಹೊಸ ಜಾಮ್ ಶೀಸೆಯನ್ನು ಬಿಗಿಹಿಡಿದಿರುವುದೂ ಹೊರಗಿನ ಗಾಳಿಯ ಒತ್ತಡವೇ. ಚಮಚದ ತುದಿಯಿಂದ ಅಂಚನ್ನು ತುಸು ಮೀಟಿದರೆ ಟಕ್ಕೆಂದು ಸಡಿಲುತ್ತದೆ.

ನಮ್ಮ ಶೀಸೆಯಲ್ಲಿ ಹಟ ಹಿಡಿದದ್ದು ಉಪ್ಪು. ಉಪ್ಪು ನೀರಿಗೆ ಕರಗುತ್ತದೆ, ಸರಿ. ಆದರೆ ಹನಿ ನೀರು ಒಳಗಿಳಿದರೆ ಮಿಡಿಗೆ ಬೂಷ್ಟು. ಒದ್ದೆ ಚಮಚ ತಾಗಿಸಿದವರನ್ನು ಬೈಯದ ಮನೆ ನಮ್ಮ ಕಡೆ ಇರಲಾರದು. ಆದ್ದರಿಂದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ, ಬಲವಾಗಿ ಹಿಂಡಿ, ಮುಚ್ಚಳದ ಅಂಚಿಗೆ ಮಾತ್ರ ಸುತ್ತಿದೆವು. ತಣಿದಾಗ ಬಿಚ್ಚಿ, ಮತ್ತೆ ಸುತ್ತಿದೆವು. ನಾಲ್ಕನೆಯ ಸುತ್ತಿಗೆ ಅಂಚಿನಿಂದ ಬಿಳಿಯ ಪುಡಿ ಉದುರಿತು. ಅಜ್ಜಿ ಒಣಬಟ್ಟೆ ಹಿಡಿದು ತಾವೇ ತಿರುಗಿಸಿದರು. ಕರಕರ ಸದ್ದು, ಹಿಂದೆಯೇ ಜೀರಿಗೆಯ ಗಮ.

ಮೇಲಿನ ಪದರವನ್ನು ತೆಗೆದೆಸೆದು ಎಣಿಸಿದೆವು: 23 ಮಿಡಿ. ಎರಡನ್ನು ಅಜ್ಜಿಯ ಬಟ್ಟಲಿಗೆ ಹಾಕಿ, ಮಿಕ್ಕವನ್ನು ಭರಣಿಗೆ ತುಂಬಿ ಬಟ್ಟೆ ಕಟ್ಟಿದೆವು.